ಊರಿನ ನೀರೂ ಫ್ಲಾಸ್ಕಿನ ವಾಷರ್ರೂ

ಬೇಸಿಗೆ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದ ದಿನಗಳು. ಬೆಳಿಗ್ಗೆ ಹನ್ನೊಂದರ ಹೊತ್ತು. ನೀರು ಸರಬರಾಜು ಕಚೇರಿಯಲ್ಲಿ ಆ ವರ್ಷ ಮೊದಲ ಸಲ ಫ್ಯಾನು ಹಾಕಿದ್ದರು. ರೆಕ್ಕೆಗಳ ಮೇಲೆ ಕೂತಿದ್ದ ಧೂಳು ದೊಡ್ಡವರು ಸಣ್ಣವರು ಎನ್ನದೆ ಎಲ್ಲರ ತಲೆಯ ಮೇಲೂ ಸಮನಾಗಿ ಬಿತ್ತು. ನಮ್ಮ ಕಚೇರಿಯಲ್ಲಿ ತಕರಾರಿಲ್ಲದೆ ಹಂಚಿಕೆಯಾದದ್ದು ಅದೊಂದೇ. ಆಗ, ಹೊಸದಾಗಿ ಬಂದಿದ್ದ ಇಂಜಿನಿಯರ್ ಮೇಡಂ ಫ್ಲಾಸ್ಕಿನಿಂದ ಒಂದು ಲೋಟ ಬಿಸಿನೀರು ಬಗ್ಗಿಸಿಕೊಂಡು ಬಾಯಿಯ ಹತ್ತಿರ ತಂದರು, ಮೂಗು ಮುರಿದರು, ಲೋಟವನ್ನು ಕೆಳಗಿಟ್ಟರು. ಇಡೀ ಊರಿನ ನಲ್ಲಿ ನಿಂತುಹೋಗುವುದಕ್ಕೆ ಅಷ್ಟೇ ಸಾಕಾಯಿತು.

ಮೇಡಂ ಎದುರಿಗೆ ಆಗ ನಿಂತಿದ್ದವರು ನಮ್ಮ ಗುಮಾಸ್ತರು. ಕಚೇರಿಯಲ್ಲೂ ಬೀದಿಯಲ್ಲೂ ಅವರನ್ನು ಆಯ್ತುಬಿಡಿ ಎಂದೇ ಕರೆಯುತ್ತಿದ್ದರು. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಆದರೆ ಎದುರಿನವರ ಮಾತು ಅರ್ಧ ದಾರಿಗೆ ಬರುವಷ್ಟರಲ್ಲಿ ‘ಆಯ್ತು ಬಿಡಿ, ನಾನು ನೋಡ್ಕೋತೀನಿ’ ಎಂದು ಹೊರಟೇಬಿಡುವರು. ಪೂರ್ತಿ ಹೇಳಿಸಿದರೆ ಪಾಪ, ಹೇಳುವವರಿಗೆ ಆಯಾಸವಾದೀತು ಎಂಬುದು ಇವರ ಮರ್ಯಾದೆ. ಒಮ್ಮೆ ಪಕ್ಕದ ಮನೆಯ ದರ್ಜಿ ತನ್ನ ಏಣಿಯ ಮೆಟ್ಟಿಲು ಮುರಿದಿದೆ, ಹತ್ತಬೇಡಿ ಎಂದು ಹೇಳಲು ಬಂದಿದ್ದ. ಏಣಿ ಎಂಬಷ್ಟನ್ನು ಕೇಳಿ ಇವರು ಆಯ್ತು ಬಿಡಿ ಎಂದು ಹತ್ತಿದರು. ಅವತ್ತು ಬಿದ್ದು ಉಳುಕಿದ ಕಾಲು ಮೋಡ ಕವಿದಾಗಲೆಲ್ಲ ಈಗಲೂ ಹಿಡಿದುಕೊಳ್ಳುತ್ತದಂತೆ.

ನಾನು ಆ ಕಚೇರಿಯ ಗೇಟಿನಲ್ಲಿ ಕೂತು ಮುದುಕನಾದವನು. ಮೇಡಂ ಕೋಣೆಯ ಕಿಟಕಿ ನನ್ನ ಸ್ಟೂಲಿನ ಕಡೆಗೇ ತೆರೆಯುತ್ತಿತ್ತು. ‘ರೀ, ಈ ನೀರು ಯಾಕೋ ವಾಸನೆ ಬರ್ತಿದೆ...’ ಎಂದು ಅವರು ಶುರು ಮಾಡಿದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ಗುಮಾಸ್ತರು ‘ಆಯ್ತು ಬಿಡಿ ಮೇಡಂ’ ಎನ್ನುತ್ತಾ ಬಿಟ್ಟ ಬಾಣದ ಹಾಗೆ ಹೊರಗೆ ಬಂದಿದ್ದರು. ಮೇಡಂ ಬಾಯಲ್ಲಿ ಉಳಿದ ಅರ್ಧ ಮಾತು ಏನಾಗಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಗುಮಾಸ್ತರು ಅಷ್ಟು ಜೋರಾಗಿ ಓಡಿದ್ದಕ್ಕೆ ಕಾರಣವಿತ್ತು. ಅವರ ಹೆಂಡತಿ ದೂರದ ಒಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹೋಗುವರು. ಮದುವೆಯಾದಾಗಿನಿಂದ ಅವರದು ಭಾನುವಾರದ ಸಂಸಾರ. ಆ ಊರಿನಲ್ಲಿ ನಮ್ಮದೊಂದು ಸಣ್ಣ ಕಚೇರಿ ಇತ್ತು: ಒಂದು ಪಂಪು, ಒಂದು ಮೇಜು, ಕೈ ಮುರಿದ ಒಂದು ಕುರ್ಚಿ. ಅಲ್ಲಿಗೆ ಹಾಕುತ್ತೇವೆ ಎಂದರೆ ಎಂಥವರಿಗೂ ಜ್ವರ ಬರುತ್ತಿತ್ತು. ನಮ್ಮ ಗುಮಾಸ್ತರಿಗೆ ಮಾತ್ರ ಆ ಕುರ್ಚಿಯದೇ ಕನಸು. ಈ ಆಸೆಯನ್ನು ಅವರು ಯಾರಿಗೂ ಹೇಳುವಂತಿರಲಿಲ್ಲ. ಏಕೆಂದರೆ ಮೇಡಂ ಕೈಕೆಳಗೆ ಒಬ್ಬ ಕಿರಿಯ ಇಂಜಿನಿಯರ್ ಇದ್ದರು, ಸಣ್ಣ ಸಾಹೇಬರು. ಯಾರಿಗೆ ಏನು ಬೇಕೋ ಅದನ್ನು ಕೊಡದೆ ಇರುವುದಕ್ಕೇ ಆಡಳಿತ ಎನ್ನುತ್ತಾರೆ ಎಂದು ನಂಬಿದ್ದವರು. ಅವರ ಕಿವಿಗೆ ಬಿದ್ದರೆ ಕೆಲಸ ಕೆಟ್ಟಂತೆಯೇ. ಆದ್ದರಿಂದ ಗುಮಾಸ್ತರು ವರ್ಗಾವಣೆಯ ಅರ್ಜಿಯನ್ನು ಹಿಂದಿನ ವಾರವಷ್ಟೇ ಗುಟ್ಟಾಗಿ ಮೇಡಂ ಕೈಗೇ ಕೊಟ್ಟು ಬಂದಿದ್ದರು. ಅರ್ಜಿಯ ವಿಷಯವೂ, ಹೆಂಡತಿ ಇರುವುದು ಆ ಊರಲ್ಲೇ ಎಂಬುದೂ ಮನೆಯ ಹೊರಗೆ ಗೊತ್ತಿದ್ದವರು ನಾನು ಮತ್ತು ಟ್ಯಾಂಕಣ್ಣ, ಇಬ್ಬರೇ.

ಟ್ಯಾಂಕಣ್ಣ ಎಂದರೆ ಫಿಲ್ಟರ್ ಮನೆಯ ಹಿರಿಯ. ಊರಿನ ನೀರನ್ನು ಸೋಸಿ ಟ್ಯಾಂಕಿಗೆ ಏರಿಸುವ ಕೆಲಸ ಅವನದು. ನಿವೃತ್ತಿಗೆ ಹತ್ತಿರ ಬಂದಿದ್ದ. ‘ಈ ಊರಲ್ಲಿ ನಾನು ಕೊಟ್ಟ ನೀರು ಕುಡೀದೆ ಬೆಳೆದ ಮಕ್ಕಳನ್ನ ತೋರಿಸು ನೋಡೋಣ’ ಎಂದು ನನ್ನ ಸ್ಟೂಲಿನ ಪಕ್ಕ ಕೂತು ಆಗಾಗ ಕೇಳುವನು. ತೋರಿಸಲು ನನ್ನಿಂದ ಆಗುತ್ತಿರಲಿಲ್ಲ.

ಇನ್ನು ಆ ಫ್ಲಾಸ್ಕು. ಹಿಂದಿನ ಸಾಹೇಬರೊಬ್ಬರು ತರಿಸಿದ ದೊಡ್ಡ ಸ್ಟೀಲ್ ಫ್ಲಾಸ್ಕು; ಬೆಳಿಗ್ಗೆ ತುಂಬಿದ ಬಿಸಿ ಸಂಜೆಗೂ ಆರುತ್ತಿರಲಿಲ್ಲ. ವರ್ಷಗಟ್ಟಲೆ ಅದರಲ್ಲಿ ಕಾಫಿ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ತೊಳೆಯುವುದೆಂದರೆ, ಕೊನೆಯ ಲೋಟ ಯಾರಿಗೆ ಬರುವುದೋ ಅವರು ಒಂದಿಷ್ಟು ನೀರು ಹಾಕಿ, ಗಲಗಲ ಆಡಿಸಿ, ಗೇಟಿನ ಪಕ್ಕದ ಗಿಡಕ್ಕೆ ಚೆಲ್ಲುವುದು. ಹೊಸ ಮೇಡಂ ಕಾಫಿ ಕುಡಿಯುವವರಲ್ಲ ಎಂದು ತಿಳಿದ ದಿನ ಅದೇ ಫ್ಲಾಸ್ಕಿಗೆ ಬಿಸಿನೀರು ತುಂಬಿ ಅವರ ಮೇಜಿನ ಮೇಲಿಟ್ಟರು. ಗಿಡ ಮಾತ್ರ ಬಾಡಿತು.

ನಲ್ಲಿ ತೊಟ್ಟಿಕ್ಕಿದರೆ ಮೊದಲು ವಾಷರ್ ಬಿಚ್ಚಿ ನೋಡು ಎನ್ನುವ ಕಚೇರಿ ನಮ್ಮದು. ಬೀರುವಿನ ತುಂಬ ವಾಷರ್ ಡಬ್ಬಗಳಿದ್ದವು. ಫ್ಲಾಸ್ಕಿನ ಮುಚ್ಚಳದೊಳಗೂ ರಬ್ಬರಿನ ಒಂದು ವಾಷರ್ ಇರುತ್ತದೆ, ಅದೂ ಬಿಚ್ಚಿಬರುತ್ತದೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಈಗ ಗುಮಾಸ್ತರ ಲೆಕ್ಕಾಚಾರ ನೋಡಿ. ನೀರು ಸರಬರಾಜಿನ ಮುಖ್ಯಸ್ಥರು ನೀರು ವಾಸನೆ ಎಂದರು. ಮುಖ್ಯಸ್ಥರು ತಮ್ಮ ಲೋಟದ ಮಾತು ಆಡುತ್ತಾರೆಯೇ? ಆಡುವುದಿದ್ದರೆ ಊರಿನ ಮಾತು ಆಡುತ್ತಾರೆ. ಆದ್ದರಿಂದ ಊರಿನ ನೀರು ವಾಸನೆ. ಬೀದಿಬೀದಿಯ ನೀರನ್ನು ತಂದು ಮೇಡಂ ಮುಂದಿಡಬೇಕು. ಪರೀಕ್ಷೆಯ ಸೀಸೆಗಳು ದೊಡ್ಡ ಕಚೇರಿಯಿಂದ ಬರಬೇಕು, ಬರಲು ತಿಂಗಳಾಗುತ್ತದೆ. ಬಾಟಲಿಯಲ್ಲೋ ಬಕೆಟ್ಟಿನಲ್ಲೋ ತಂದರೆ ದಾರಿಯ ವಾಸನೆ ಸೇರಿಕೊಂಡೀತು. ಹೊರಗಿನ ಗಾಳಿಯೂ ಒಳಗೆ ಹೋಗದಂತೆ ಬಿಗಿಯಾಗಿ ಮುಚ್ಚುವ ಪಾತ್ರೆ ಬೇಕು.

ಹಾಗೆ ಬಿಗಿಯಾಗಿ ಮುಚ್ಚುವ ಪಾತ್ರೆ ಕಚೇರಿಯಲ್ಲಿ ಒಂದೇ ಒಂದು ಇತ್ತು.

ಮಧ್ಯಾಹ್ನದಿಂದ ಅವರು ಸೈಕಲ್ಲಿನ ಹಿಂದೆ ಫ್ಲಾಸ್ಕು ಕಟ್ಟಿಕೊಂಡು ಬೀದಿ ಸುತ್ತಿದರು. ಒಂದೊಂದು ನಲ್ಲಿಯ ನೀರು ಹಿಡಿಯುವುದು, ಮುಚ್ಚಳ ತಿರುಗಿಸಿ ಭದ್ರ ಮಾಡುವುದು, ಬಿಸಿಲಲ್ಲಿ ತುಳಿದುಕೊಂಡು ಬರುವುದು, ವರಾಂಡದಲ್ಲಿ ಲೋಟಕ್ಕೆ ಸುರಿದು, ಲೋಟದ ಕೆಳಗೆ ಬೀದಿಯ ಹೆಸರಿನ ಚೀಟಿ ಇಟ್ಟು ಮೇಡಂ ಮೇಜಿನ ಮೇಲಿಡುವುದು. ಮೇಡಂ ಕಂಡದ್ದು ಲೋಟ, ಚೀಟಿ ಮಾತ್ರ; ಮೂಸಿದರು. ಸಣ್ಣ ಸಾಹೇಬರು ಮೂಸಿದರು. ಮಾರುಕಟ್ಟೆ ಬೀದಿಯದು ವಾಸನೆ. ಆಸ್ಪತ್ರೆ ಬೀದಿಯದು ವಾಸನೆ. ಶಾಲೆಯ ಹಿಂದಿನದು ಕೊಂಚ ಹೆಚ್ಚೇ ವಾಸನೆ. ಕೊನೆಗೆ ಫಿಲ್ಟರ್ ಮನೆಯ ನೀರನ್ನೇ ತಂದರು. ಅದೂ ವಾಸನೆ. ಮೇಡಂ ಮುಖ ಗಂಭೀರವಾಯಿತು. ‘ನನಗೆ ಬೇರೆ ಏನೋ ಅನುಮಾನ ಇತ್ತು, ಇದು ಮೂಲದಲ್ಲೇ ಕೆಟ್ಟಿದೆಯಲ್ಲ’ ಎಂದರಂತೆ.

ಅದು ಕಾಫಿಯ ವಾಸನೆ ಎಂದು ಯಾರೂ ಗುರುತಿಸಲಿಲ್ಲವೇ ಎಂದು ನೀವು ಕೇಳಬಹುದು. ಹಳೆಯ ಕಾಫಿ ರಬ್ಬರಿನಲ್ಲಿ ಕೂತು ವರ್ಷಗಳಾದ ಮೇಲೆ ಕಾಫಿಯ ಹಾಗೆ ಇರುವುದಿಲ್ಲ. ನೆನೆದ ಗೋಣಿಚೀಲ, ಸುಟ್ಟ ಎಣ್ಣೆ, ಮುಚ್ಚಿಟ್ಟ ಪೆಟ್ಟಿಗೆ, ಎಲ್ಲ ಸೇರಿದ ಹಾಗೆ ಇರುತ್ತದೆ. ಮೂಗಿಗೆ ಪರಿಚಯದ್ದೇ, ಆದರೆ ಗುರುತು ಹತ್ತುವುದಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಊರಿಗೆ ತಲುಪಿತು. ಅಲ್ಲಿಯವರೆಗೆ ಗಟಗಟ ಕುಡಿಯುತ್ತಿದ್ದವರೆಲ್ಲ ಲೋಟ ಎತ್ತಿ ಮೂಸತೊಡಗಿದರು. ಮೂಸಿದವರು ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ದರ್ಜಿಗೆ ಸೀಮೆಎಣ್ಣೆಯ ವಾಸನೆ ಬಂತು. ಅವನ ಹೆಂಡತಿಗೆ ಔಷಧಿಯದು. ಎದುರು ಮನೆಯ ನಿವೃತ್ತ ಮೇಷ್ಟರಿಗೆ ಒದ್ದೆ ನಾಯಿಯದು. ಅವರು ಅದನ್ನು ಎಷ್ಟು ಚೆನ್ನಾಗಿ ವಿವರಿಸಿದರೆಂದರೆ ಮಾರನೆಯ ದಿನ ಇಡೀ ಬೀದಿಗೆ ಒದ್ದೆ ನಾಯಿಯೇ ಬಂತು. ಗುಮಾಸ್ತರನ್ನು ಸಾಕಿ ಬೆಳೆಸಿದ ಸೋದರತ್ತೆ ಅವರ ಜೊತೆಗೇ ಇದ್ದರು. ಅವರೊಬ್ಬರು ಮಾತ್ರ ತಂಬಿಗೆ ಎತ್ತಿ ಕುಡಿದು, ‘ನೀರು ನೀರಿನ ಹಾಗೇ ಇದೆ ಕಣೋ. ನಿಮ್ಮ ಆಫೀಸಿಗೆ ನೆಗಡಿ ಆಗಿರ್ಬೇಕು’ ಎಂದರು.

ಸಣ್ಣ ಸಾಹೇಬರ ಸಲಹೆಯಂತೆ ಟ್ಯಾಂಕು ಖಾಲಿ ಮಾಡಿಸಿದರು. ಊರಿನ ನಲ್ಲಿಗಳೆಲ್ಲ ಒಂದು ಸಲ ಕೆಮ್ಮಿ ಸುಮ್ಮನಾದವು. ಟ್ಯಾಂಕಿನೊಳಗೆ ಆಳುಗಳು ಇಳಿದು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರು. ಊರಿನವರು ಬಕೆಟ್ಟು ಹಿಡಿದು ಟ್ಯಾಂಕರಿಗೆ ಕಾಯ್ದರು. ಟ್ಯಾಂಕರು ಬರದಿದ್ದಾಗ ಅದೇ ಬಕೆಟ್ಟುಗಳೊಂದಿಗೆ ಗುಮಾಸ್ತರ ಮನೆಗೆ ಬಂದರು. ವಾಸನೆ ಕಂಡುಹಿಡಿದವರು ಅವರೇ ತಾನೆ? ‘ಆಯ್ತು ಬಿಡಿ, ಆಯ್ತು ಬಿಡಿ’ ಎನ್ನುತ್ತಾ ಅವರು ಹಿತ್ತಲ ಬಾಗಿಲಿನಿಂದ ಕಚೇರಿಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡರು. ದರ್ಜಿ, ಹೊಲಿದ ಬಟ್ಟೆಗೆ ಇಸ್ತ್ರಿ ಹಾಕಲು ಚಿಮುಕಿಸುವಷ್ಟೂ ನೀರಿಲ್ಲ, ಊರಿನವರ ಸುಕ್ಕಿಗೆಲ್ಲ ನೀವೇ ಹೊಣೆ ಎಂದು ಕೂಗಿ ಹೇಳಿದ.

ಹೊಸ ನೀರು ಬಂತು. ಗುಮಾಸ್ತರು ಮತ್ತೆ ಫ್ಲಾಸ್ಕಿನಲ್ಲಿ ಹಿಡಿದು ತಂದರು. ಬ್ಲೀಚಿಂಗ್ ಪುಡಿಯ ಕೆಳಗಿನಿಂದ ಅದೇ ವಾಸನೆ ಇಣುಕಿತು.

ಆಗ ಸಣ್ಣ ಸಾಹೇಬರು ಹೇಳಿದರು: ಟ್ಯಾಂಕು ಸರಿ ಇದೆ ಎಂದಾದರೆ ಟ್ಯಾಂಕು ನೋಡಿಕೊಳ್ಳುವವನು ಸರಿ ಇಲ್ಲ. ಟ್ಯಾಂಕಣ್ಣನನ್ನು ಕರೆಸಿದರು. ಅವನು ನಲ್ಲಿಗೆ ಬೊಗಸೆ ಒಡ್ಡಿ ಕುಡಿದು ತೋರಿಸಿದ. ವಾಸನೆ ಇಲ್ಲ ಸ್ವಾಮಿ ಎಂದ. ನಿನ್ನ ಮೂಗಿಗೆ ವಯಸ್ಸಾಗಿದೆ ಎಂದರು ಸಾಹೇಬರು. ಫಿಲ್ಟರ್ ಮನೆಯ ಬೀಗದ ಕೈ ಇಸಿದುಕೊಂಡು, ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಆ ಕಡೆ ಕಾಲಿಡಬೇಡ ಎಂದು ಕಳಿಸಿದರು.

ಅವನು ಬಂದು ನನ್ನ ಪಕ್ಕ ಕೂತ. ಆಮೇಲೆ, ‘ಬೈದಿದ್ರೆ ಪರವಾಗಿಲ್ಲ. ನಾನು ಕುಡಿಸಿದ ನೀರನ್ನ ಮೂಸಿ ನೋಡಿ ಚೆಲ್ಲಿದ್ರಲ್ಲ’ ಎಂದ. ಒಳಗಿನಿಂದ ಗುಮಾಸ್ತರು ಅವನ ಬೆನ್ನನ್ನು ನೋಡುತ್ತಾ ನಿಂತಿದ್ದರು. ಅವತ್ತು ಅವರ ಬಾಯಲ್ಲಿ ಆಯ್ತು ಬಿಡಿ ಬರಲಿಲ್ಲ.

ಭಾನುವಾರ ಬಂತು, ಹೆಂಡತಿ ಬಂದರು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಸೋದರತ್ತೆ ಕರೆದರೆಂದು ನಾನೂ ಹೋಗಿ ಬಾಗಿಲಲ್ಲಿ ಕೂತಿದ್ದೆ. ಮನೆಯ ನಲ್ಲಿಯ ನೀರನ್ನೂ ಸೋಮವಾರ ತೋರಿಸಬೇಕೆಂದು ಗುಮಾಸ್ತರು ಫ್ಲಾಸ್ಕನ್ನು ಮನೆಗೇ ತಂದು ತುಂಬಿಟ್ಟಿದ್ದರು. ಬಸ್ಸಿಳಿದು ಬಾಯಾರಿ ಬಂದಿದ್ದ ಹೆಂಡತಿ ಅದನ್ನೇ ಬಗ್ಗಿಸಿ ಕುಡಿಯಲು ಹೋದರು, ಬಾಯಿಯ ಹತ್ತಿರ ತಂದು ನಿಲ್ಲಿಸಿದರು. ಎದ್ದು ಹೋಗಿ ನಲ್ಲಿಯಿಂದ ಇನ್ನೊಂದು ಲೋಟ ಹಿಡಿದು ತಂದರು. ಅದನ್ನು ಮೂಸಿದರು, ಇದನ್ನು ಮೂಸಿದರು. ಆಮೇಲೆ ಫ್ಲಾಸ್ಕಿನ ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದರು.

‘ರೀ, ವಾಸನೆ ನೀರಿಗಲ್ಲ. ಇದಕ್ಕೆ.’

ಚಮಚದ ಹಿಡಿಯಿಂದ ಮುಚ್ಚಳದೊಳಗಿನ ಅಂಚನ್ನು ಮೆಲ್ಲಗೆ ಎಬ್ಬಿಸಿದರು. ರಬ್ಬರಿನ ಉಂಗುರ ಪಕ್ಕನೆ ಹೊರಬಂತು. ಮೊದಲು ಬಿಳಿ ಇದ್ದಿರಬೇಕು. ಈಗ ಹಳೆಯ ಗೋಡೆಯ ಹೊಗೆಬಣ್ಣ. ಅದು ಕೂತಿದ್ದ ಗುಂಡನೆಯ ಸಂದಿನಲ್ಲಿ ಕಾಫಿಯ ಕಪ್ಪು ಗಸಿ ಕೆಸರಿನ ಹಾಗೆ ಮೆತ್ತಿಕೊಂಡಿತ್ತು. ಗುಮಾಸ್ತರು ಆ ಉಂಗುರವನ್ನು ನೋಡಿದರು, ನಲ್ಲಿಯನ್ನು ನೋಡಿದರು, ಕಿಟಕಿಯಿಂದ ಕಾಣುವ ಊರಿನ ಟ್ಯಾಂಕನ್ನು ನೋಡಿದರು. ಆಮೇಲೆ ನೆಲದ ಮೇಲೇ ಕೂತುಬಿಟ್ಟರು.

‘ಏನೋ ಹಾಗೆ ಕೂತೆ?’ ಎಂದು ಕೇಳಿದರು ಸೋದರತ್ತೆ.

‘ಅಷ್ಟು ನೀರು ಚೆಲ್ಲಿಸಿಬಿಟ್ಟೆ ಅತ್ತೆ.’

ಮೊದಲು ತೊಳೆಯೋಣ, ಆಮೇಲೆ ಅಳುವಿರಂತೆ ಎಂದು ಹೆಂಡತಿ ಸೀರೆಯ ಸೆರಗು ಸಿಕ್ಕಿಸಿದರು. ಅಲ್ಲಿಂದ ಶುರುವಾಯಿತು ನೋಡಿ ವಾಷರಿನ ಆರೈಕೆ. ಮೊದಲು ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು. ಸಂದಿನ ಗಸಿ ಬಿಟ್ಟಿತು, ವಾಸನೆ ಬಿಡಲಿಲ್ಲ. ಮೇಲೆ ಸೋಪಿನ ಪರಿಮಳವೂ ಸೇರಿ ನೆನೆದ ಗೋಣಿಗೆ ಹೂವು ಮುಡಿಸಿದ ಹಾಗಾಯಿತು. ಕುದಿಸಿಬಿಡೋಣ ಎಂದು ಗುಮಾಸ್ತರು ಪಾತ್ರೆ ಎತ್ತಿದರು. ಕುದಿಸಿದರೆ ರಬ್ಬರು ಹಿಗ್ಗಿ ಮುಚ್ಚಳಕ್ಕೆ ಕೂರುವುದಿಲ್ಲ ಎಂದು ಹೆಂಡತಿ ಕಸಿದುಕೊಂಡರು. ಕೈ ತಾಳುವಷ್ಟು ಬಿಸಿಯ ನೀರಿಗೆ ಅಡುಗೆ ಸೋಡಾ ಕಲಸಿ ಅದರಲ್ಲಿ ನೆನೆಹಾಕಿದರು. ನೀರು ಮೆಲ್ಲಗೆ ಚಹಾದ ಬಣ್ಣಕ್ಕೆ ತಿರುಗಿತು. ಅದನ್ನು ಚೆಲ್ಲಿ ಇನ್ನೊಂದು ಸಲ. ಆಮೇಲೆ ಸೋಡಾ ಹೋಗುವ ಹಾಗೆ ತೊಳೆದು, ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು. ಸೋಡಾವನ್ನೂ ವಿನೆಗರನ್ನೂ ಒಟ್ಟಿಗೇ ಹಾಕಿದರೆ ಬೇಗ ಆಗಬಹುದಲ್ಲ ಎಂದು ಗುಮಾಸ್ತರು ಹೇಳಿದರು. ಒಟ್ಟಿಗೆ ಹಾಕಿದರೆ ಬುಸುಗುಟ್ಟಿ ಎರಡೂ ತಣ್ಣಗಾಗುತ್ತವೆ, ಸುಮ್ಮನೆ ಕೂರಿ ಎಂಬ ಉತ್ತರ ಬಂತು. ಉಳಿದ ಕಲೆಗೆ ನಿಂಬೆಹೋಳಿನ ಮೇಲೆ ಉಪ್ಪು ಉದುರಿಸಿ ಉಜ್ಜಿದರು. ಪ್ರತಿ ಸುತ್ತಿಗೂ ಉಂಗುರ ನಾಲ್ಕು ಮೂಗುಗಳ ಮುಂದೆ ಹಾದು ಹೋಗಬೇಕು. ನನ್ನ ಮೂಗು ಒಪ್ಪಿದರೂ ಸೋದರತ್ತೆಯದು ಒಪ್ಪುತ್ತಿರಲಿಲ್ಲ.

‘ನನ್ನ ಮದುವೆ ಉಂಗುರಾನ ಇಷ್ಟು ಮುದ್ದಿನಿಂದ ಯಾರೂ ತೊಳೀಲಿಲ್ಲ’ ಎಂದರು ಅವರು.

ಕೊನೆಗೆ ಒರೆಸಿ ಕಿಟಕಿಯ ಗಾಳಿಗೆ ನೆರಳಲ್ಲಿ ಒಣಗಲು ಇಟ್ಟರು. ಬಿಸಿಲಿಗಿಟ್ಟರೆ ರಬ್ಬರು ಬಿರಿಯುತ್ತದಂತೆ. ಪೂರ್ತಿ ಒಣಗಿದ ಮೇಲೆ ಮುಚ್ಚಳಕ್ಕೆ ಕೂರಿಸಿ, ಫ್ಲಾಸ್ಕಿಗೆ ಬಿಸಿನೀರು ತುಂಬಿ, ಮುಚ್ಚಿ, ಕಾದು, ತೆರೆದರು. ಸೋದರತ್ತೆ ಕಣ್ಣು ಮುಚ್ಚಿ ಉಸಿರೆಳೆದರು. ಎಲ್ಲರೂ ಅವರ ಮುಖವನ್ನೇ ನೋಡಿದೆವು. ಏನೂ ಇಲ್ಲ ಎಂದರು.

ಗುಮಾಸ್ತರು ಮಾತ್ರ ನಗಲಿಲ್ಲ. ನಾಳೆ ಇದರಲ್ಲೇ ನೀರು ಕೊಟ್ಟರೆ ವಾಸನೆ ಇರುವುದಿಲ್ಲ. ಮೇಡಂ ಖುಷಿಯಾಗುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ವರ್ಗಾವಣೆಗೆ ಸಹಿ ಬೀಳುತ್ತದೆ. ಬಾಯಿ ಬಿಟ್ಟರೆ, ಊರಿನ ಟ್ಯಾಂಕು ಚೆಲ್ಲಿಸಿದವನಿಗೆ ಯಾರು ಸಹಿ ಹಾಕುತ್ತಾರೆ? ಇದನ್ನೆಲ್ಲ ಅವರು ಬಿಡಿಬಿಡಿಯಾಗಿ ಹೇಳಿದರು.

‘ಟ್ಯಾಂಕಣ್ಣನ ವಿಚಾರಣೆ ಎಷ್ಟು ಹೊತ್ತಿಗೆ?’ ಎಂದು ಹೆಂಡತಿ ಕೇಳಿದರು.

‘ಬೆಳಿಗ್ಗೆ ಹನ್ನೊಂದಕ್ಕೆ.’

‘ಹಾಗಾದ್ರೆ ಅದಕ್ಕಿಂತ ಮುಂಚೆ ಹೇಳ್ಬಿಡಿ. ನನಗೇನು, ಇನ್ನೂ ಒಂದಷ್ಟು ದಿನ ಬಸ್ಸು ಹತ್ತಿದ್ರಾಯ್ತು. ಕಂಡಕ್ಟರ್ ಕೂಡ ಈಗ ನನಗೆ ಕಿಟಕಿ ಸೀಟು ಇಟ್ಟಿರ್ತಾನೆ.’

ಸಂಜೆ ಅವರನ್ನು ಬಸ್ಸಿಗೆ ಬಿಟ್ಟು ಬಂದ ಗುಮಾಸ್ತರು ಬಾಗಿಲಿನ ಮೆಟ್ಟಿಲ ಮೇಲೆ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸೋಮವಾರ ಮೇಡಂ ಲೋಟ ಎತ್ತಿ ಕುಡಿದರು. ಇನ್ನೊಂದು ಗುಟುಕು ಕುಡಿದರು. ವಾಸನೆ ಹೋಗಿದೆ ಎಂದರು. ಕಿಟಕಿಯ ಆಚೆ ಟ್ಯಾಂಕಣ್ಣ ಕೈಕಟ್ಟಿ ನಿಂತಿದ್ದ. ನಾನು ಅವನ ಪಕ್ಕದಲ್ಲಿದ್ದೆ.

ಸಣ್ಣ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ‘ನೋಡಿದ್ರಾ ಮೇಡಂ? ಆ ಮುದುಕನನ್ನ ಫಿಲ್ಟರ್ ಮನೆಯಿಂದ ಹೊರಗೆ ಹಾಕಿದ್ದೇ ತಡ, ನೀರು ಸರಿಹೋಯ್ತು. ಇನ್ನು ವಿಚಾರಣೆಗೆ ಬೇರೆ ಸಾಕ್ಷಿ ಯಾಕೆ?’

ಗುಮಾಸ್ತರು ಮುಂದೆ ಬಂದರು. ಫ್ಲಾಸ್ಕಿನ ಮುಚ್ಚಳ ತೆಗೆದರು, ಉಗುರಿನಿಂದ ಉಂಗುರ ಎಬ್ಬಿಸಿ ಮೇಜಿನ ಮೇಲಿಟ್ಟರು. ವಾಸನೆ ಇದ್ದದ್ದು ಇದಕ್ಕೆ, ಬೀದಿಬೀದಿಯ ನೀರನ್ನು ತಾನು ಇದರಲ್ಲೇ ಹಿಡಿದು ತಂದದ್ದು, ಟ್ಯಾಂಕಣ್ಣನ ನೀರಿಗೆ ಯಾವತ್ತೂ ವಾಸನೆ ಇರಲಿಲ್ಲ ಎಂದು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದರು. ಅವರು ಒಂದು ಮಾತನ್ನು ಪೂರ್ತಿ ಮುಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಡಂ ಉಂಗುರವನ್ನು ಬೆರಳ ತುದಿಗೆ ಸಿಕ್ಕಿಸಿ ತಿರುಗಿಸಿ ನೋಡಿದರು.

‘ಅವತ್ತು ನಾನು ಏನು ಹೇಳೋಕೆ ಹೊರಟಿದ್ದೆ ಗೊತ್ತಾ?’

‘ಇಲ್ಲ ಮೇಡಂ.’

‘ನೀರು ವಾಸನೆ ಬರ್ತಿದೆ, ಫ್ಲಾಸ್ಕನ್ನ ಒಂದ್ಸಲ ಚೆನ್ನಾಗಿ ತೊಳೆಸಿ ಅಂತ.’

ಟ್ಯಾಂಕಣ್ಣ ಕಿಟಕಿಯ ಸರಳು ಹಿಡಿದುಕೊಂಡ. ಅವನು ಅತ್ತನೋ ನಕ್ಕನೋ ನನಗೆ ತಿಳಿಯಲಿಲ್ಲ. ಹಲ್ಲು ಮಾತ್ರ ಕಾಣುತ್ತಿತ್ತು. ಮೇಡಂ ಎದ್ದು ಕಿಟಕಿಗೆ ಬಂದು, ಬೀಗದ ಕೈಯನ್ನು ತಾವೇ ಸರಳಿನ ಸಂದಿನಿಂದ ಅವನ ಕೈಗೆ ಕೊಟ್ಟರು.

ಸಣ್ಣ ಸಾಹೇಬರಿಗೆ ಮುಖ ಉಳಿಸಿಕೊಳ್ಳಬೇಕಿತ್ತು. ಇಷ್ಟು ದೊಡ್ಡ ತಪ್ಪಿಗೆ ಗುಮಾಸ್ತರನ್ನು ಸುಮ್ಮನೆ ಬಿಡಬಾರದು, ಊರಿಗೆ ಏನು ಉತ್ತರ ಕೊಡುವುದು, ಕಠಿಣ ಶಿಕ್ಷೆಯೇ ಆಗಬೇಕು ಎಂದು ಹಟ ಹಿಡಿದರು. ನೀವೇ ಹೇಳಿ, ಏನು ಶಿಕ್ಷೆ ಕೊಡೋಣ ಎಂದು ಮೇಡಂ ಕೇಳಿದರು. ಸಾಹೇಬರು ಗೋಡೆಯ ನಕ್ಷೆಯ ಮುಂದೆ ನಿಂತು ಹುಡುಕಿದರು. ಎಲ್ಲಕ್ಕಿಂತ ದೂರದ, ಎಲ್ಲಕ್ಕಿಂತ ದರಿದ್ರವಾದ ಜಾಗದ ಮೇಲೆ ಬೆರಳಿಟ್ಟರು. ಒಂದು ಪಂಪು, ಒಂದು ಮೇಜು.

ಗುಮಾಸ್ತರ ಬಾಯಿ ತೆರೆದುಕೊಂಡಿತು. ಅಲ್ಲಿಂದ ‘ಆಯ್ತು’ ಎಂಬುದು ಅರ್ಧ ಹೊರಗೂ ಬಂದಿತ್ತು. ಮೇಡಂ ಕಣ್ಣಿನಲ್ಲೇ ಗದರಿದರು. ಬಾಯಿ ಮುಚ್ಚಿತು.

‘ಬಹಳ ಕಠಿಣ ಆಯ್ತಲ್ವಾ? ಪಾಪ, ಸಂಸಾರಸ್ಥರು’ ಎಂದರು ಮೇಡಂ.

‘ಕಠಿಣ ಆಗ್ಲೇಬೇಕು ಮೇಡಂ. ನೀವು ಮೃದು ಆಗ್ಬೇಡಿ.’

‘ನೀವು ಇಷ್ಟು ಹೇಳಿದ ಮೇಲೆ ನಾನೇನು ಮಾಡ್ಲಿ’ ಎಂದು ನಿಟ್ಟುಸಿರಿಟ್ಟು ಅವರು ಆಗಲೇ ಸಹಿ ಹಾಕಿದರು.

ಸುದ್ದಿ ತಿಳಿದ ಊರು ಮರುಗಿತು. ಬಕೆಟ್ಟು ಹಿಡಿದು ಬೈದವರೇ ಈಗ, ಒಂದು ಫ್ಲಾಸ್ಕಿಗಾಗಿ ಮನುಷ್ಯನನ್ನು ಕಾಡಿಗೆ ಅಟ್ಟಿದರಲ್ಲ ಎಂದರು. ದರ್ಜಿ ಅವರ ಹಾಸಿಗೆಗೆ ಒಂದು ಚೀಲ ಹೊಲಿದು ಕೊಟ್ಟ. ಕೊಡುವಾಗ ಕಣ್ಣು ಒದ್ದೆಯಾಗಿತ್ತು. ಸೋದರತ್ತೆ ಯಾರ ಕಣ್ಣಿಗೂ ಸಿಗದೆ ಸಾಮಾನು ಕಟ್ಟಿದರು, ಮುಖದ ಮೇಲೆ ಅಷ್ಟು ಸಂತೋಷವಿತ್ತು.

ಬೆಳಗಿನ ಬಸ್ಸಿನ ಹೊತ್ತಿಗೆ ಕಚೇರಿಯೆಲ್ಲ ನಿಲ್ದಾಣಕ್ಕೆ ಬಂದಿತ್ತು. ಸೋದರತ್ತೆ ಮುಂಚೆಯೇ ಹತ್ತಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಶಿಕ್ಷೆಯನ್ನು ಪಾಠ ಎಂದು ತಿಳಿಯಬೇಕು ಎಂದು ಸಣ್ಣ ಸಾಹೇಬರು ಭಾಷಣ ಮಾಡಿದರು; ಮಾಡುತ್ತಾ ಮಾಡುತ್ತಾ ತಮ್ಮ ಮಾತಿಗೆ ತಾವೇ ಕರಗಿ ಕರವಸ್ತ್ರ ತೆಗೆದರು. ಗುಮಾಸ್ತರು ತಲೆ ತಗ್ಗಿಸಿ ನಿಂತಿದ್ದರು, ಭುಜ ಕುಲುಕುತ್ತಿತ್ತು. ಅದನ್ನು ನೋಡಿ ದರ್ಜಿಯ ಹೆಂಡತಿ ಬಿಕ್ಕಿ ಅತ್ತಳು. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದ ಟ್ಯಾಂಕಣ್ಣ ಅವರ ಕಿವಿಯ ಹತ್ತಿರ ಬಾಗಿ, ನನಗೂ ಕೇಳುವಷ್ಟು ಮೆಲ್ಲಗೆ ಹೇಳಿದ:

‘ಸ್ವಲ್ಪ ತಡ್ಕೊಳ್ಳಿ ಬುದ್ಧಿ. ನಗು ಕಾಣ್ತಾ ಇದೆ.’

ಬಸ್ಸು ತಿರುವು ದಾಟುವವರೆಗೂ ಅವರು ತಲೆ ಎತ್ತಲಿಲ್ಲ. ಅವರು ಹೋದದ್ದು ಗುರುವಾರ. ಭಾನುವಾರ ಇನ್ನೂ ದೂರವಿತ್ತು, ಆದರೆ ಇನ್ನು ಅದಕ್ಕೆ ಕಾಯಬೇಕಿರಲಿಲ್ಲ.